ನಾಲ್ಕೂವರೆ ಗಂಟೆಯ ದಾರಿ

ಬೆಂಗಳೂರಿನಿಂದ ಕುವೈತಿಗೆ ಆಕಾಶದಲ್ಲಿ ಸುಮಾರು ಮೂರೂವರೆ ಸಾವಿರ ಕಿಲೋಮೀಟರ್. ಹೋಗುವಾಗ ಐದು ಗಂಟೆ ಹಿಡಿಯುತ್ತದೆ. ಬರುವಾಗ ಗಾಳಿ ಹಿಂದಿನಿಂದ ತಳ್ಳುವುದರಿಂದ ನಾಲ್ಕೂವರೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳುತ್ತೇನೆ. ರಾಬರ್ಟ್‌ಸನ್‌ಪೇಟೆ ಬಸ್‌ಸ್ಟ್ಯಾಂಡ್ ಹತ್ತಿರ, ಒಂದು ಮಹಡಿಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿಯಲ್ಲಿ ಕೂತು ಹದಿನೈದು ವರ್ಷದಿಂದ ವಿಮಾನದ ಟಿಕೆಟ್ ಮಾಡಿಕೊಡುವವನು ನಾನು. ಹೆಸರು ಚಲಪತಿ. ಇಷ್ಟೆಲ್ಲ ಬಲ್ಲ ನಾನು ಇವತ್ತಿನವರೆಗೆ ವಿಮಾನದ ಮೆಟ್ಟಿಲು ಹತ್ತಿಲ್ಲ. ನನ್ನ ದೊಡ್ಡ ಪ್ರಯಾಣವೆಂದರೆ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರು. ಅದಕ್ಕೇ ಎರಡೂವರೆ ಗಂಟೆ ಬೇಕು.

ನನ್ನ ಹತ್ತಿರ ಬರುವವರು ಊರು ಸುತ್ತಿ ಫೋಟೊ ತೆಗೆಸಿಕೊಳ್ಳುವವರಲ್ಲ. ಬಂಗಾರಪೇಟೆ, ಬೇತಮಂಗಲದ ಕಡೆಯ ಹಳ್ಳಿಗಳಿಂದ ಅರಬ್ಬರ ಮನೆಗಳಲ್ಲಿ ಪಾತ್ರೆ ತಿಕ್ಕಲು, ಮಕ್ಕಳನ್ನು ಎತ್ತಿ ಆಡಿಸಲು ಹೋಗುವ ಹೆಂಗಸರು. ಅಲ್ಲಿ ಗಾಡಿ ಓಡಿಸುವ ಗಂಡಸರು. ಅವರು ಹೋಗುವಾಗ ಒಂದು ಸಲ ಬರುತ್ತಾರೆ. ಆಮೇಲೆ ಅವರ ಮನೆಯವರು ನನ್ನ ಅಂಗಡಿಗೆ ಓಡಿ ಬರುವುದು ಊರಲ್ಲಿ ಯಾರಾದರೂ ಸತ್ತಾಗ.

ಆಗ ನನ್ನ ಲೆಕ್ಕ ಶುರುವಾಗುತ್ತದೆ. ಕೆಲಸದ ಮನೆಯವರು ಪಾಸ್‌ಪೋರ್ಟ್ ಕೈಗೆ ಕೊಡಲು ಮೂರು ಗಂಟೆ. ವಿಮಾನ ಹೊರಡುವ ಮೂರು ಗಂಟೆ ಮೊದಲೇ ಏರ್‌ಪೋರ್ಟಿನಲ್ಲಿರಬೇಕು. ಆಕಾಶದಲ್ಲಿ ನಾಲ್ಕೂವರೆ. ಅಲ್ಲಿಗೂ ಇಲ್ಲಿಗೂ ಗಡಿಯಾರದಲ್ಲಿ ಎರಡೂವರೆ ಗಂಟೆ ವ್ಯತ್ಯಾಸ, ಅದನ್ನೂ ಕೂಡಿಸಬೇಕು, ಇಲ್ಲದಿದ್ದರೆ ಎಲ್ಲ ಎಡವಟ್ಟು. ದೇವನಹಳ್ಳಿಯಲ್ಲಿ ಇಳಿದು ಹೊರಗೆ ಬರಲು ಒಂದು ಗಂಟೆ. ಅಲ್ಲಿಂದ ಹೊಸಕೋಟೆ, ಕೋಲಾರದ ಮೇಲೆ ಬಂಗಾರಪೇಟೆಗೆ ಇನ್ನೆರಡು. ಎಲ್ಲ ಕೂಡಿಸಿ, ಇಷ್ಟು ಹೊತ್ತಿಗೆ ಬರುತ್ತಾರೆ, ಹೆಣ ಇಡಿ, ಅಥವಾ ಆಗುವುದಿಲ್ಲ, ಎತ್ತಿಬಿಡಿ ಎಂದು ನಾನು ಹೇಳಬೇಕು. ಊರಿನ ಹಿರಿಯರು ನನ್ನ ಬಾಯಿ ನೋಡುತ್ತಾ ನಿಂತಿರುತ್ತಾರೆ.

ಲೆಕ್ಕ ಮುಗಿದ ಮೇಲೆ ಫೋನ್ ಮಾಡುವ ಕೆಲಸವೂ ನನ್ನದೇ. ನಮ್ಮ ಕಡೆ ಸಾವಿನ ಸುದ್ದಿಯನ್ನು ದೂರದಲ್ಲಿರುವವರಿಗೆ ಫೋನಿನಲ್ಲಿ ಹೇಳುವ ಪದ್ಧತಿ ಇಲ್ಲ. ಮೈ ಸರಿಗಿಲ್ಲ, ಆಸ್ಪತ್ರೆಯಲ್ಲಿದ್ದಾರೆ, ನಿನ್ನನ್ನೇ ಕೇಳುತ್ತಿದ್ದಾರೆ, ಬಾ ಎನ್ನಬೇಕು. ಒಬ್ಬಂಟಿ ಹೆಂಗಸು, ಗೊತ್ತಿಲ್ಲದ ಜನರ ನಡುವೆ ಕೂತು ನಾಲ್ಕೂವರೆ ಗಂಟೆ ಅಳುತ್ತಾ ಬರುವುದು ಬೇಡ, ದಾರಿಯಲ್ಲಿ ಏನಾದರೂ ಆದರೆ ಯಾರು ದಿಕ್ಕು ಎಂದು ಎಲ್ಲರ ವಾದ. ನಾನೂ ಅದನ್ನೇ ನಂಬಿದ್ದೆ. ಈ ಕೆಲಸದಲ್ಲಿ ನನ್ನ ಕೈ ಎಷ್ಟು ಪಳಗಿತ್ತೆಂದರೆ ಪಕ್ಕದ ಹೆಣದ ಮನೆಯ ಅಳು ಕೇಳಿಸದಂತೆ ಫೋನಿಗೆ ಅಂಗೈ ಅಡ್ಡ ಹಿಡಿದು, "ಈಗ ತಾನೆ ಒಂದು ಇಡ್ಲಿ ತಿಂದ್ರು" ಎನ್ನುತ್ತಿದ್ದೆ. ಇದನ್ನು ಪುಣ್ಯದ ಕೆಲಸ ಎಂದೇ ತಿಳಿದಿದ್ದೆ. ನನ್ನ ಮುಖಕ್ಕಿಷ್ಟು.

ಎರಡು ವರ್ಷದ ಹಿಂದೆ ನನ್ನ ಭಾವ ಆಂಜಿನಪ್ಪ ಸತ್ತ. ನನ್ನ ಅಕ್ಕ ಅಮ್ಮಾಜಮ್ಮನ ಗಂಡ. ಬಂಗಾರಪೇಟೆಯಿಂದ ಐದು ಮೈಲಿಯ ಹಳ್ಳಿ ಅವರದು. ಎರಡು ಸೀಮೆಹಸು, ಸ್ವಲ್ಪ ರಾಗಿ ಹೊಲ, ಒಬ್ಬಳೇ ಮಗಳು ಸುಕನ್ಯ. ಗಂಡನ ಮನೆ ಕೂಡಿಬರದೆ ವಾಪಸು ಬಂದ ಸುಕನ್ಯಳನ್ನು ಕುವೈತಿನ ಒಂದು ಮನೆಗೆ ಕೆಲಸಕ್ಕೆ ಕಳಿಸಿದವನು ನಾನೇ. ಭಾವ ಸತ್ತದ್ದು ಮೇ ತಿಂಗಳ ಒಂದು ಬೆಳಗಿನ ಜಾವ. ಸುಕನ್ಯ ಎಷ್ಟು ಬೇಗ ಹೊರಟರೂ ಮಾರನೆಯ ದಿನ ಬೆಳಗ್ಗೆಯೇ ಬರುವುದು. ಮಾರನೆಯ ದಿನ ಅಮಾವಾಸ್ಯೆ. ಭಾವನ ತಮ್ಮ ಕದಿರಪ್ಪ, ಅಮಾವಾಸ್ಯೆಗೆ ಹೆಣ ಇಡುವುದು ಬೇಡವೆಂದ. ಸಂಜೆಯೊಳಗೆ ಮಣ್ಣು ಮಾಡಿದೆವು.

ಅವಳಿಗೆ ಮಾತ್ರ, "ಅಪ್ಪ ಉಸ್ರಾಡ್ತಾವ್ನೆ, ಇವತ್ತು ರಾತ್ರಿ ಪ್ಲೇನ್ಗೆ ಸೀಟೈತೆ, ಬಾ" ಎಂದಿದ್ದೆ. ನಂಬಲಿ ಎಂದು, ಹಿಂದಿನ ತಿಂಗಳು ಭಾವ ಮುದ್ದೆ ನುಂಗುವಾಗ ತೆಗೆದಿದ್ದ ವಿಡಿಯೊ ಕಳಿಸಿದೆ. ಕೋಟಿಲಿಂಗೇಶ್ವರನ ಮೇಲೆ ಆಣೆ ಇಟ್ಟೆ. ಸಾಲದ್ದಕ್ಕೆ ನನ್ನ ಅಂಗಡಿ ಎದುರು ಟೀ ಮಾರುವ ಪೆರುಮಾಳನ ಕೈಗೆ ಫೋನ್ ಕೊಟ್ಟು ಡಾಕ್ಟರ್ ಹಾಗೆ ಮಾತಾಡಿಸಿದೆ. ಅವನು ತಮಿಳು, ಇಂಗ್ಲಿಷ್ ಬೆರೆಸಿ ಬಿಪಿ, ಶುಗರ್ ಎಂದೇನೋ ಅಂದ. ಫೋನ್ ಇಟ್ಟ ಮೇಲೆ ನಾವಿಬ್ಬರೂ ಸ್ವಲ್ಪ ನಕ್ಕೆವು ಕೂಡ. ಈಗ ನೆನೆದರೆ ಮೈ ಉರಿಯುತ್ತದೆ.

ಮಾರನೆಯ ಬೆಳಗ್ಗೆ ಸುಕನ್ಯ ಕಾರಿನಿಂದ ಇಳಿದಳು. ಕೈಯಲ್ಲಿ ಎರಡು ಡಬ್ಬ ಹಾಲಿನ ಪುಡಿ, ಖರ್ಜೂರದ ಪೊಟ್ಟಣ, ಅಪ್ಪನಿಗೊಂದು ಮೆತ್ತನೆಯ ಕಂಬಳಿ. ಒಳಗೆ ಅಪ್ಪ ಮಲಗುತ್ತಿದ್ದ ಜಾಗದಲ್ಲಿ ಒಂದು ದೀಪ ಉರಿಯುತ್ತಿತ್ತು. ಅವಳು ಅಳಲಿಲ್ಲ. ನನ್ನ ಹತ್ತಿರ ಬಂದು ಎರಡೂ ಕೈಯಲ್ಲಿ ಎದೆಗೆ ಗುದ್ದಿದಳು.

"ನಾಕೂವರೆ ಗಂಟೆ ಮಾಮ! ನಾಕೂವರೆ ಗಂಟೆ ಅಲ್ಲಿ ಕೂತು ಅಪ್ಪನ್ಗೆ ಏನೇನ್ ತಿನ್ನಿಸ್ಬೇಕು ಅಂತ ಯೋಚ್ನೆ ಮಾಡ್ತಿದ್ದೆ. ಪಕ್ಕದೋರ್ ಜತೆ ನಗ್ತಾ ಮಾತಾಡ್ಕೊಂಡ್ ಬಂದೆ ಕಣ್ ಮಾಮ, ನಗ್ತಾ!"

ಅವಳ ಮನೆಯೊಡತಿ ಕೊಡುವುದು ವರ್ಷಕ್ಕೆ ಏಳೇ ದಿನ ರಜೆ. ಡಾಕ್ಟರ್ ಹಾಗೆ ಮಾತಾಡಿದವನು ಪೆರುಮಾಳ ಎಂಬುದನ್ನೂ ತಿಳಿದುಕೊಂಡು ಏಳನೆಯ ದಿನ ಹೊರಟು ಹೋದಳು. ಹನ್ನೊಂದನೆಯ ದಿನದ ಕಾರ್ಯಕ್ಕೂ ಒಬ್ಬಳೇ ಮಗಳು ಇರಲಿಲ್ಲ.

ಇದೆಲ್ಲ ಹಳೆಯ ಕಥೆ. ಈ ಜನವರಿಯಲ್ಲಿ, ಒಂದು ಸೋಮವಾರ ಬೆಳಗ್ಗೆ, ಅಕ್ಕ ಹಾಲಿನ ಕ್ಯಾನ್ ಹಿಡಿದು ಡೈರಿ ಮುಂದೆ ಸಾಲಿನಲ್ಲಿ ನಿಂತಿದ್ದವಳು ಹಾಗೇ ಕುಸಿದಳು. ಕದಿರಪ್ಪ ಆಟೋದಲ್ಲಿ ಹಾಕಿಕೊಂಡು ಬಂದ. ರಾಬರ್ಟ್‌ಸನ್‌ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಹೃದಯಕ್ಕೆ ಶಕ್ತಿಯೇ ಇಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿದೆ, ಬೇರೆ ಕಡೆ ಒಯ್ದರೂ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. "ಎರಡು ದಿನ, ಮೂರು ದಿನ. ಬರಬೇಕಾದವರನ್ನು ಕರೆಸಿಬಿಡಿ."

ಐಸಿಯು ಒಳಗೆ ಬಿಡುವುದು ಸಂಜೆ ನಾಲ್ಕರಿಂದ ಐದು. ಒಬ್ಬರಿಗೆ ಮಾತ್ರ. ಫೋನ್ ಒಯ್ಯುವಂತಿಲ್ಲ. ನಾಲ್ಕಕ್ಕೆ ಹೋದಾಗ ಅಕ್ಕನಿಗೆ ಎಚ್ಚರವಿತ್ತು. ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್. ಅದನ್ನು ಬೆರಳಲ್ಲಿ ಸರಿಸಿ ಕೇಳಿದಳು:

"ಸುಕನ್ಯಾಗೆ ಏಳಿದ್ಯೇನ್ಲಾ?"

"ಏಳ್ತೀನಕ್ಕ. ನಾಳೆ ಬೆಳಗ್ಗೆ ಏಳ್ಗಂಟೆಗೆ ನಿನ್ ಮುಂದೆ ಇರ್ತಾಳೆ."

ಅಷ್ಟು ಧೈರ್ಯವಾಗಿ ಹೇಳಲು ಕಾರಣವಿತ್ತು. ಆಗಲೇ ಸೀಟು ನೋಡಿಟ್ಟಿದ್ದೆ. ಅವತ್ತು ರಾತ್ರಿಯ ನೇರ ವಿಮಾನದಲ್ಲಿ ಎರಡು ಸೀಟು ಉಳಿದಿದ್ದವು. ಬೆಳಗಿನ ಜಾವ ನಾಲ್ಕಕ್ಕೆ ದೇವನಹಳ್ಳಿ, ಏಳಕ್ಕೆ ಇಲ್ಲಿ. ಹದಿನೈದು ವರ್ಷದಲ್ಲಿ ಮೊದಲ ಸಲ ನನ್ನ ಲೆಕ್ಕ ಬದುಕಿರುವವರ ಕಡೆಗೆ ಕೂಡಿಬಂದಿತ್ತು. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

ಸುಕನ್ಯಳ ಕೈಗೆ ಫೋನ್ ಸಿಗುವುದು ಅಲ್ಲಿನ ಮಧ್ಯಾಹ್ನ ಮೂರರಿಂದ ಮೂರೂವರೆ, ಊಟದ ಪಾತ್ರೆ ತೊಳೆದಿಟ್ಟ ಮೇಲೆ. ನಮಗದು ಸಂಜೆ ಐದೂವರೆಯಿಂದ ಆರು. ಐಸಿಯು ಬಾಗಿಲು ಹಾಕುವುದು ಐದಕ್ಕೆ. ನಡುವೆ ಬರೀ ಅರ್ಧ ಗಂಟೆ. ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು, ಐದೂವರೆ ಆಗುವುದನ್ನೇ ಕಾದು ಫೋನ್ ಮಾಡಿದೆ.

"ಸುಕನ್ಯಾ, ಅಮ್ಮನ್ಗೆ ಮೈ ಸರಿಗಿಲ್ಲ ಕಣಮ್ಮ. ಆಸ್ಪತ್ರೇಲವ್ಳೆ. ಉಸ್ರಾಡ್ತಾವ್ಳೆ. ಇವತ್ತು ರಾತ್ರಿ ಪ್ಲೇನ್ಗೆ ಸೀಟೈತೆ, ಬಾ."

ಸುಕನ್ಯ ಮೆಲ್ಲಗೆ ಕೇಳಿದಳು.

"ಎಷ್ಟೊತ್ಗೆ ಓದ್ಳು ಮಾಮ?"

"ಅಯ್ಯೋ, ಓಗಿಲ್ಲ ಕಣೇ! ಬದ್ಕವ್ಳೆ. ಈಗ ತಾನೆ ಮಾತಾಡಿಸ್ಕೊಂಡ್ ಬಂದೆ. ನಿನ್ನೇ ಕೇಳ್ತಾವ್ಳೆ."

"ಇದೇ ಮಾತು ಮಾಮ. ಅಪ್ಪ ಓದಾಗ್ಲೂ ಇದೇ ಅಂದೆ. ಉಸ್ರಾಡ್ತಾವ್ನೆ, ಸೀಟೈತೆ, ಬಾ. ಒಂದಕ್ಷರ ಬದ್ಲಾಗಿಲ್ಲ."

ಆಣೆ ಇಟ್ಟೆ. ಆಗ ದೇವರ ಆಣೆ ಇಟ್ಟಿದ್ದೆ, ಈಗ ಅಕ್ಕನ ಆಣೆ ಇಟ್ಟೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವಾಡಿಯಾದರೂ ನಂಬಿಸುತ್ತಿದ್ದೆನೇನೋ. ಅವಳ ದನಿ ದೊಡ್ಡವರು ಮಕ್ಕಳನ್ನು ಸಮಾಧಾನ ಮಾಡುವ ದನಿಯಾಗಿತ್ತು.

"ಮಾಮ, ನೀನ್ ಏನ್ ಮಾಡ್ತೀಯೋ ನನ್ ಒಳ್ಳೇದ್ಕೇ ಮಾಡ್ತೀಯ, ಗೊತ್ತು. ಕೇಳಿಲ್ಲಿ. ನನ್ಗಿರೋದು ಏಳೇ ದಿನ. ಈಗ ಬಂದ್ರೆ ಮುಖಾನೂ ಸಿಕ್ಕಲ್ಲ, ಅನ್ನೊಂದ್ನೇ ದಿನದೊಳ್ಗೆ ವಾಪಸ್ ಬರ್ಬೇಕು. ಅಪ್ಪನ್ಗೆ ಎರಡೂ ತಪ್ಪೋಯ್ತು. ಅಮ್ಮನ್ಗೆ ಅನ್ನೊಂದಕ್ಕಾದ್ರೂ ಇರ್ತೀನಿ. ನೀವು ಕಾಯ್ಬೇಡಿ. ಮಣ್ ಮಾಡ್ಬಿಡಿ."

ಬದುಕಿರುವ ಅಕ್ಕನನ್ನು ಮಣ್ಣು ಮಾಡಲು ಅವಳ ಮಗಳೇ ನನಗೆ ಅಪ್ಪಣೆ ಕೊಟ್ಟಳು. ಫೋನ್ ಕಟ್ಟಾಯಿತು. ಕದಿರಪ್ಪ ತನ್ನ ಫೋನಿನಿಂದ ಮಾಡಿದ. "ಚಿಕ್ಕಪ್ಪ, ನೀನೂ ಅವತ್ತು ಪಕ್ಕದಲ್ಲೇ ನಿಂತಿದ್ದೆ" ಎಂದು ಅವನಿಗೂ ಅಷ್ಟೇ ಮೆಲ್ಲಗೆ ಹೇಳಿದಳಂತೆ. ಕದಿರಪ್ಪ ಫೋನ್ ಕೆಳಗಿಟ್ಟು, ನನ್ನನ್ನು ದುರುಗುಟ್ಟಿ ನೋಡಿ, ಬೀಡಿ ಹಚ್ಚಿದ. ಬೈದಿದ್ದರೆ ವಾಸಿಯಿತ್ತು.

ಮಂಗಳವಾರ ನಾಲ್ಕಕ್ಕೆ ಒಳಗೆ ಹೋದೆ. ಅಕ್ಕನ ಕಣ್ಣು ಬಾಗಿಲ ಮೇಲೆಯೇ ಇತ್ತು. ನನ್ನ ಹಿಂದೆ ಯಾರಾದರೂ ಇದ್ದಾರಾ ಎಂದು ಕತ್ತು ಹೊರಳಿಸಿದಳು.

"ಎಲ್ಲವ್ಳೆ ಅವ್ಳು?"

"ಪ್ಲೇನ್ ಲೇಟಕ್ಕ. ದೇವನಹಳ್ಳೀಲಿ ಮಂಜು. ಇಳ್ಸೋಕಾಗ್ದೆ ಮಸ್ಕತ್ನಾಗೆ ನಿಲ್ಸವ್ರೆ."

ನನಗೇ ಗೊತ್ತಿಲ್ಲದೆ ಬಾಯಿಂದ ಬಂತು. ಅಭ್ಯಾಸ. ಜನವರಿಯ ಮಂಜು ಸುಳ್ಳೇನೂ ಅಲ್ಲ, ಬೆಳಗಿನ ವಿಮಾನಗಳಿಗೆ ಅದೊಂದು ಕಾಟ ಇದ್ದೇ ಇದೆ. ಅಕ್ಕ ನಂಬಿದಳು. ಮಸ್ಕತ್ ಎಂದರೆ ಎಷ್ಟು ದೂರ ಎಂದಳು. ಅರ್ಧಕ್ಕಿಂತ ಹೆಚ್ಚು ದಾರಿ ಇನ್ನೂ ಇದೆ, ಎರಡು ಸಾವಿರದ ಮುನ್ನೂರು ಕಿಲೋಮೀಟರ್, ಮೂರು ಗಂಟೆಯ ಮೇಲೆ ಸ್ವಲ್ಪ ಎಂದೆ. ಲೆಕ್ಕ ಹೇಳುವಾಗ ಮಾತ್ರ ನನ್ನ ದನಿ ನಡುಗಲಿಲ್ಲ.

"ಊಟ ಕೊಡ್ತಾರೇನ್ಲಾ ಅವ್ಳ್ಗೆ?"

"ಕೊಡ್ತಾರಕ್ಕ. ಅನ್ನ, ಪಲ್ಯ, ಒಂದು ಸಿಹಿ. ತಟ್ಟೇಲಿ ಚೆಂದಾಗಿ ಜೋಡ್ಸಿ ಕೊಡ್ತಾರೆ."

ನಾನೆಲ್ಲಿ ಆ ತಟ್ಟೆ ಕಂಡಿದ್ದೆ?

ಐದಕ್ಕೆ ಹೊರಗೆ ಹಾಕಿದರು. ಅರ್ಧ ಗಂಟೆ ಹೆಚ್ಚಿಗೆ ಬಿಡಿ, ಫೋನಿನಲ್ಲಿ ಮಗಳಿಗೆ ಒಂದು ಸಲ ಮುಖ ತೋರಿಸುತ್ತೇನೆ ಎಂದು ಗೋಗರೆದೆ. ನರ್ಸ್ ರಾಧ ಒಳ್ಳೆಯ ಹುಡುಗಿ. ಆದರೆ ಒಳಗೆ ಇನ್ನೂ ನಾಲ್ಕು ಜನ ಸಾವು ಬದುಕಿನ ನಡುವೆ ಮಲಗಿದ್ದರು. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು, ಆಗಲ್ಲ ಅಣ್ಣ ಎಂದಳು. ಅವಳದೇನೂ ತಪ್ಪಿಲ್ಲ. ಬದಲಿಗೆ ಹೊರಗೆ ಬಂದು ಸುಕನ್ಯಳ ಜೊತೆ ಮಾತಾಡಲು ಒಪ್ಪಿದಳು. ಐದೂವರೆಗೆ ಫೋನ್ ಮಾಡಿ ಅವಳ ಕೈಗೆ ಕೊಟ್ಟೆ.

"ನಾನು ನರ್ಸ್ ಮಾತಾಡ್ತಿರೋದು. ನಿಮ್ಮ ತಾಯಿ ಇನ್ನೂ ಇದ್ದಾರೆ. ನೀವು ಬೇಗ ಬನ್ನಿ."

ಆ ಕಡೆಯಿಂದ ಏನು ಬಂತೋ, ರಾಧಳ ಮುಖ ಕೆಂಪಾಯಿತು. ಫೋನ್ ನನ್ನ ಕೈಗೆ ತುರುಕಿದಳು. "ಟೀ ಅಂಗಡಿ ಪೆರುಮಾಳಣ್ಣ ನಿಮಗೆ ಏನಾಗಬೇಕು ಅಂತ ಕೇಳ್ತಾರೆ. ಏನ್ರೀ ಇದು?"

ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಐಸಿಯು ಒಳಗೆ ಬಿಡುವ ಹೊತ್ತಿಗೆ ಅಲ್ಲಿ ಇನ್ನೂ ಮಧ್ಯಾಹ್ನ ಒಂದೂವರೆ, ಮನೆಮಂದಿಯ ಊಟದ ಸಮಯ. ಆದರೂ ಅವಳ ಮನೆಯೊಡತಿಯ ನಂಬರಿಗೇ ಮಾಡಿದರೆ ಹೇಗೆ ಎಂದು ಬುಧವಾರ ಒಳಗೆ ಹೋಗುವ ಮೊದಲು ಅದನ್ನೂ ಮಾಡಿ ನೋಡಿದೆ. ಮೂರು ಸಲ ಹೊಡೆದುಕೊಂಡು ಸುಮ್ಮನಾಯಿತು. ನಾಲ್ಕನೆಯ ಸಲ ಸ್ವಿಚ್ ಆಫ್.

ಬುಧವಾರ ನಾಲ್ಕಕ್ಕೆ ಫೋನನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹೋದೆ. ವಿಡಿಯೊ ಮಾಡಲು ಹಿಡಿದರೆ, ಮಾಸ್ಕ್ ಮುಚ್ಚಿದ ಮುಖ, ಮುಚ್ಚಿದ ಕಣ್ಣು, ಊದಿದ ರೆಪ್ಪೆ. ಅದನ್ನು ನೋಡಿದ ಯಾರಿಗಾದರೂ ಅಕ್ಕ ಹೋಗಿಬಿಟ್ಟಿದ್ದಾಳೆ ಎಂದೇ ಅನ್ನಿಸಬೇಕು. ಅಳಿಸಿಬಿಟ್ಟೆ. ಎಚ್ಚರವಾದಾಗ, ಮಾಸ್ಕ್ ಸರಿಸಿ, "ಅಕ್ಕ, ಸುಕನ್ಯಾನ ಒಂದ್ಸಲ ಕೂಗು" ಎಂದೆ.

"ಸುಕನ್ಯಾ... ಬಾರೇ" ಎಂದಳು ಅಕ್ಕ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಅದನ್ನು ರೆಕಾರ್ಡ್ ಮಾಡಿಕೊಂಡೆ. ಯಾಕೆ ಕೂಗಿಸಿದೆ ಎಂದು ಅವಳು ಕೇಳಲಿಲ್ಲ. ಮಗಳು ಎಲ್ಲೋ ಹತ್ತಿರದಲ್ಲೇ ಇದ್ದಾಳೆ ಎಂದು ತಿಳಿದಳೋ ಏನೋ.

"ಬಂದ್ಳಾ? ಇಳಿದ್ಳಾ?"

"ಇಳಿದ್ಳಕ್ಕ. ದೇವನಹಳ್ಳೀಲಿ ಇಳಿದ್ಳು. ಪೆಟ್ಟಿಗೆ ಬರೋದ್ ಕಾಯ್ತಾವ್ಳೆ."

ಅವಳ ಕಣ್ಣು ಮುಚ್ಚಿತು. ಐದು ನಿಮಿಷಕ್ಕೆ ಮತ್ತೆ ತೆರೆಯಿತು.

"ಎಲ್ಲವ್ಳೆ?"

"ಹೊಸಕೋಟೆ ದಾಟಿದ್ಳು."

ಮತ್ತೆ ಕಣ್ಣು ಮುಚ್ಚಿತು. ಮತ್ತೆ ತೆರೆಯಿತು. ನರಸಾಪುರ ಎಂದೆ. ಕೋಲಾರ ಎಂದೆ. ಕೋಲಾರದಲ್ಲಿ ನಿಲ್ಲಿಸಿ ಹೂವು ತಗೊಳ್ಳುತ್ತಿದ್ದಾಳೆ ಎಂದೆ. ಆಕಾಶದಲ್ಲಾದರೆ ಎಷ್ಟು ಹೊತ್ತಾದರೂ ತಡೆದು ನಿಲ್ಲಿಸಬಹುದು, ಅಕ್ಕ ಅಲ್ಲಿ ಹೋಗಿ ನೋಡಿದವಳಲ್ಲ. ಈ ರಸ್ತೆ ಅವಳಿಗೆ ಅಂಗೈ ಇದ್ದ ಹಾಗೆ. ಎಷ್ಟು ನಿಧಾನ ಬಂದರೂ ರಸ್ತೆ ಮುಗಿಯುತ್ತದೆ. ಗೋಡೆಯ ಗಡಿಯಾರ ನೋಡಿದೆ. ಐದಕ್ಕೆ ಹತ್ತು ನಿಮಿಷ. ಯಾರಾದರೂ ನನ್ನನ್ನು ಬೇಗ ಹೊರಗೆ ಹಾಕಲಿ ಎಂದು ಬೇಡಿಕೊಂಡೆ. ಸಾಯುತ್ತಿರುವ ಒಡಹುಟ್ಟಿದವಳ ಪಕ್ಕ ಕೂತು ಹಾಗೆ ಬೇಡಿಕೊಂಡವನು ನಾನೊಬ್ಬನೇ ಇರಬೇಕು.

"ಎಲ್ಲವ್ಳೆ ಚಲಪತಿ?"

"ಬಂಗಾರಪೇಟೆ ಅಕ್ಕ. ಗೇಟ್ ಆಕವ್ರೆ. ಮಾರಿಕುಪ್ಪಂ ರೈಲ್ ಓಗ್ಬೇಕು."

ಅಕ್ಕನ ಮುಖದ ಮೇಲೆ ನಗುವಿನಂಥದ್ದು ಸುಳಿಯಿತು. "ಆ ಗೇಟು ಯಾವಾಗ್ಲೂ ಇಂಗೇ ಕಣ್ಲಾ" ಎಂದಳು. ಸ್ವಲ್ಪ ಹೊತ್ತು ಉಸಿರು ಒಟ್ಟುಮಾಡಿಕೊಂಡು, "ನಿದ್ದೆ ಬತ್ತೈತೆ. ಅವ್ಳ್ ಬಂದಾಗ ಎಬ್ಬಿಸು" ಎಂದಳು. ಎಬ್ಬಿಸುತ್ತೇನೆ ಎಂದೆ. ರಾಧ ಬಂದು ನನ್ನ ಭುಜ ಮುಟ್ಟಿ ಟೈಮಾಯಿತೆಂದಳು.

ಐದೂವರೆಗೆ ಆ ದನಿಯನ್ನು ಸುಕನ್ಯಳಿಗೆ ಕಳಿಸಿದೆ. ಕೇಳಿಸಿಕೊಂಡಳು. ತಿರುಗಿ ತನ್ನ ದನಿ ಕಳಿಸಿದಳು. "ಇಂಥಾ ದನಿ ನನ್ ಅತ್ರಾನೂ ಐತೆ ಮಾಮ. ಓದ್ವರ್ಷ ಜ್ವರ ಬಂದಾಗ ಮಾತಾಡಿದ್ದು. ಸಾಕ್ ಮಾಡು. ನನ್ಗಿನ್ನೂ ಕೆಲ್ಸ ಐತೆ ಇಲ್ಲಿ, ಅಳ್ತಾ ಕೂತ್ರೆ ಬೈತಾರೆ."

ಗುರುವಾರ ಬೆಳಗ್ಗೆ ಆರಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಅಕ್ಕ ನಿದ್ದೆಯಲ್ಲೇ ಹೋಗಿದ್ದಳು.

ಈ ಸಲ ಯಾರೂ ನನ್ನನ್ನು ಲೆಕ್ಕ ಕೇಳಲಿಲ್ಲ. ಮಗಳು ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಭಾವನ ಪಕ್ಕದಲ್ಲೇ, ಅವರ ಹೊಲದ ಮೂಲೆಯಲ್ಲಿ ಗುಂಡಿ ತೋಡಿದರು. ಮಗಳ ಪಾಲಿನ ಮಣ್ಣನ್ನು ನಾನು ಹಾಕಿದೆ. ನಾಲ್ಕೂಕಾಲಿಗೆ ಎಲ್ಲ ಮುಗಿಯಿತು. ಜನ ಕೈಕಾಲು ತೊಳೆದುಕೊಂಡು ಒಬ್ಬೊಬ್ಬರೇ ಹೊರಟರು. ಕದಿರಪ್ಪ, ನಾನು, ಇಬ್ಬರೇ ಉಳಿದೆವು. ಹೊಲದ ಬದುವಿನ ಮೇಲೆ ಕೂತಿದ್ದೆವು. ಐದೂವರೆ ಆಗುವುದನ್ನು ನಾನು ಈಗಲೂ ಕಾಯುತ್ತಿದ್ದೆ. ಈಗ ಹೇಳುವುದೇನು, ಹೇಗೆ ಶುರು ಮಾಡುವುದು ಎಂದು ಬಾಯಲ್ಲಿ ಮಾತು ಕಟ್ಟಿ ಕಟ್ಟಿ ಬಿಚ್ಚುತ್ತಿದ್ದೆ. ಐದೂವರೆಗೆ ಸರಿಯಾಗಿ ಫೋನ್ ತಾನೇ ಬಡಿದುಕೊಂಡಿತು. ಮೂರು ದಿನದಲ್ಲಿ ಮೊದಲ ಸಲ ಅವಳೇ ಮಾಡಿದ್ದಳು.

"ಮಾಮ, ಟಿಕೆಟ್ ಮಾಡು. ಸೋಮವಾರದಿಂದ ಎಣಿಸಿದ್ರೆ ಅನ್ನೊಂದ್ನೇ ದಿನ ಬರೋ ಗುರುವಾರ. ಮಂಗಳವಾರ ರಾತ್ರಿ ಹೊರಡ್ತೀನಿ. ಮೇಡಮ್ಮು ಒಪ್ಕೊಂಡವ್ಳೆ."

"ಆಗ್ಲಮ್ಮ" ಎಂದೆ. ಅವಳು ಫೋನ್ ಇಡಲಿಲ್ಲ. ಅವಳ ಹಿಂದೆ ಎಲ್ಲೋ ನಲ್ಲಿಯ ನೀರು ಸುರಿಯುವ ಸದ್ದು.

"ಮಾಮ."

"ಏಳಮ್ಮ."

"ನೆನ್ನೆ ನೀನ್ ಕಳ್ಸಿದ್ದನ್ನ ಮತ್ತೆ ಕೇಳಿದೆ. ಹತ್ತು ಸಲ ಕೇಳಿದೆ. ಅಮ್ಮನ್ ದನಿ ಹಿಂದ್ಗಡೆ ಏನೋ ಮಿಷಿನ್ ಸದ್ದೈತೆ. ಟುಂಯ್, ಟುಂಯ್ ಅಂತ. ಮನೇಲ್ ಅಂಥಾ ಸದ್ದಿಲ್ಲ." ನಲ್ಲಿ ನಿಲ್ಲಿಸಿದಳು. "ಮಾಮ, ನಿಜ್ವಾಗ್ಲೂ ಇದ್ಳಾ? ನಾನ್ ಬರಲ್ಲ ಅಂದಾಗ ಬದ್ಕಿದ್ಳಾ? ನನ್ನ ಕೂಗಿದ್ಳಾ? ನಿನ್ ಕಾಲ್ ಹಿಡ್ಕೊಂಡ್ ಕೇಳ್ತೀನಿ, ಒಂದೇ ಒಂದ್ಸಲ ನಿಜ ಏಳು."

ಕದಿರಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಹೊಸ ಮಣ್ಣಿನ ಗುಡ್ಡೆ ಹತ್ತು ಮಾರು ಆಚೆಗಿತ್ತು. ನನ್ನ ಬೆರಳ ಸಂದಿಯಲ್ಲಿ ಆ ಮಣ್ಣು ಇನ್ನೂ ಇತ್ತು.

ನಿಜ ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬರೀ ನಾಲ್ಕೂವರೆ ಗಂಟೆಯ ದಾರಿ. ಸೀಟು ಇತ್ತು, ದಿನ ಇತ್ತು, ಉಸಿರು ಇತ್ತು. ಬಾ ಎಂದು ಕೂಗಿದ ತಾಯಿಯನ್ನು ಮೂರು ದಿನ ಕಾಯಿಸಿ ಸಾಯಿಸಿದೆ ಎಂದು ಆ ಹುಡುಗಿ ಬದುಕಿರುವಷ್ಟು ದಿನವೂ ಪರರ ಮನೆಯ ಪಾತ್ರೆ ತಿಕ್ಕುತ್ತಾ ನೆನೆಯುತ್ತಾಳೆ. ತಪ್ಪು ನನ್ನದು ಎಂದು ನಾನು ಸಾವಿರ ಸಲ ಹೇಳಲಿ, ಅವಳು ಅದನ್ನೂ ನಂಬುವುದಿಲ್ಲ.

"ಇಲ್ಲಮ್ಮ" ಎಂದೆ. "ಸೋಮವಾರ ಬೆಳಗ್ಗೇನೇ ಓದ್ಳು. ಡೈರಿ ಅತ್ರ ಬಿದ್ಳು, ಅಲ್ಲೇ. ಆಸ್ಪತ್ರೆಗ್ ಓಗೋ ಮುಂಚೇನೇ. ಸಂಜೆ ಮಣ್ ಮಾಡಿದ್ವಿ."

"ಆ ಸದ್ದು?"

"ಅದು ಹಳೇದಮ್ಮ. ದೀಪಾವಳಿ ಟೈಮ್ನಾಗೆ ಒಂದಿನ ಆಸ್ಪತ್ರೇಲ್ ಮಲಗ್ಸಿದ್ವಿ. ನೀನ್ ಗಾಬ್ರಿ ಆಗ್ತೀಯ ಅಂತ ಏಳಿರ್ಲಿಲ್ಲ. ಆಗ ರೆಕಾರ್ಡ್ ಮಾಡಿದ್ದು. ನೀನ್ ಬರ್ಲಿ ಅಂತ ಸುಳ್ ಏಳ್ದೆ. ತಪ್ಪಾಯ್ತು."

ಆ ಕಡೆ ಒಂದು ದೊಡ್ಡ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅಳು ಬಂತು. ಎದೆಯಲ್ಲಿ ಬೇರೇನೂ ಮುಳ್ಳಿಲ್ಲದೆ, ಬರೀ ತಾಯಿ ಸತ್ತದ್ದಕ್ಕೆ ಅಳುವ ಅಳು. ಅಳುತ್ತಲೇ ಹೇಳಿದಳು.

"ಈಗ್ಲಾದ್ರೂ ನಿಜ ಏಳ್ದಲ್ಲ ಮಾಮ. ಅಷ್ಟ್ ಸಾಕು."

ಫೋನ್ ಇಟ್ಟ ಮೇಲೆ ಕದಿರಪ್ಪ ಗುದ್ದಲಿ ಎತ್ತಿಕೊಂಡ. ಅದಕ್ಕೆ ಅಂಟಿದ ಮಣ್ಣನ್ನು ಕಲ್ಲಿಗೆ ತಟ್ಟಿ ಉದುರಿಸಿದ. ನಿಜವಾದ ಹನ್ನೊಂದನೆಯ ದಿನ ಬರುವುದು ಅವಳು ಹೇಳಿದ ಗುರುವಾರಕ್ಕಲ್ಲ, ಅದರ ಮುಂದಿನ ಭಾನುವಾರಕ್ಕೆ. ಅದು ಅವನಿಗೂ ಗೊತ್ತಿತ್ತು.

"ಕಾರ್ಯ ಗುರುವಾರಾನೇ ಮಾಡಣ" ಎಂದ ಕೊನೆಗೆ. "ಆದ್ರೆ ಅವ್ಳ್ ಬಂದಾಗ ಊರ್ನಾಗೆ ಯಾರಾನ ಬಾಯ್ಬಿಟ್ರೆ? ನಲವತ್ ಮನೆ ಐತೆ. ನಡಿ, ಒಂದೊಂದ್ ಮನೆಗೂ ಓಗಿ ಏಳ್ಬುಟ್ ಬರಣ."

ಇಬ್ಬರೂ ಹೊರಟೆವು. ಬೀದಿಯ ಮೊದಲ ಮನೆ ಮುನಿಶಾಮಮ್ಮನದು. ಮೂರು ದಿನದಿಂದ ಅಕ್ಕನ ಹಸುಗಳ ಹಾಲು ಕರೆದು ಡೈರಿಗೆ ಹಾಕುತ್ತಿದ್ದವಳು, ಇವತ್ತು ಬೆಳಗ್ಗೆ ಅಕ್ಕನ ಮೈ ತೊಳೆದವಳು ಅವಳೇ. ಕದಿರಪ್ಪ ಎಲ್ಲವನ್ನೂ ಬಿಡಿಸಿ ಹೇಳಿದ. ಅಮ್ಮಾಜಮ್ಮ ಸತ್ತದ್ದು ಸೋಮವಾರ, ಹುಡುಗಿ ಕೇಳಿದರೆ ಹಾಗೇ ಹೇಳಬೇಕು ಎಂದ. ಮುನಿಶಾಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನೂ ಅವನನ್ನೂ ನೋಡಿದಳು.

"ಸೋಮವಾರ ಅಂದ್ರೆ ಸೋಮವಾರ, ಬಿಡಪ್ಪ. ಮಗು ಬರ್ಲಿ" ಎಂದಳು.

ಕದಿರಪ್ಪ ಮುಂದಿನ ಮನೆಯ ಕಡೆ ನಡೆದ. ನಾನು ಮುನಿಶಾಮಮ್ಮನ ಜಗುಲಿಯ ಮೇಲೆ ಕೂತುಬಿಟ್ಟೆ. ಹದಿನೈದು ವರ್ಷದಲ್ಲಿ ಎಷ್ಟೋ ಜನರಿಗೆ ಇಂಥ ಮಾತು ಹೇಳಿದ್ದೇನೆ, ಒಂದು ಸಲವೂ ಕಣ್ಣು ಒದ್ದೆಯಾಗಿರಲಿಲ್ಲ. ಈಗ ಅಳು ನಿಲ್ಲಲಿಲ್ಲ. ಮುನಿಶಾಮಮ್ಮ ಒಳಗಿಂದ ಒಂದು ಚೊಂಬು ನೀರು ತಂದು ಪಕ್ಕದಲ್ಲಿಟ್ಟು, ಹಸುಗಳಿಗೆ ಹುಲ್ಲು ಹಾಕಲು ಅಕ್ಕನ ಮನೆಗೆ ಹೋದಳು.